ಮೊಕುಹಂಗಾ ಶುರು ಮಾಡೋರಿಗೆ: ಯಾವ ಮರ, ಯಾವ ಕಾಗದ, ಯಾವ ಬಾರೆನ್

ಮೊಕುಹಂಗಾ ಅಂದ್ರೆ ಜಪಾನಿ ಪದ್ಧತಿಯ ಮರದಚ್ಚಿನ ಕಲೆ. ಅದ್ರಲ್ಲಿ ನಾನು ಮಾಡಿದ ಪ್ರಿಂಟ್ ನೋಡಿದೋರು ಮೊದ್ಲು ಕೇಳೋದು ಚಾಕು ಎಲ್ಲಿಂದ ತರಿಸಿದ್ರಿ ಅಂತ. ಆಮೇಲೆ ಬಾರೆನ್‌ಗೆ, ಅಂದ್ರೆ ಕಾಗದದ ಬೆನ್ನು ಉಜ್ಜೋ ತಟ್ಟೆಗೆ, ಎಷ್ಟಾಯ್ತು ಅಂತ. ಕಾಗದ ಯಾವ್ದು ಅಂತ ಕೇಳಿದೋರು ತುಂಬಾ ಕಮ್ಮಿ, ಆದ್ರೆ ಈ ಕೆಲಸ ನಿಂತಿರೋದೇ ಕಾಗದದ ಮೇಲೆ, ಅದಕ್ಕೇ ಇದನ್ನ ಬರೀತಿದೀನಿ. ಹೊಸದಾಗಿ ಶುರು ಮಾಡೋರ ಮುಂದೆ ಆಯ್ಕೆಗಳು ಸಿಕ್ಕಾಪಟ್ಟೆ ಇವೆ, ಬಹುಪಾಲು ಎಲ್ಲಾನೂ ಹೊರಗಿಂದ ತರಿಸ್ಬೇಕು, ಪೋಸ್ಟೇಜು ಕಸ್ಟಮ್ಸು ಎಲ್ಲಾ ಸೇರಿದ್ರೆ ವಸ್ತುಗಿಂತ ಅದನ್ನ ಮನೆಗೆ ತಂದ್ಕೊಳ್ಳೋ ಖರ್ಚೇ ಜಾಸ್ತಿ ಆಗ್ಬಿಡತ್ತೆ, ಹಂಗಾಗಿ ಒಂದು ತಪ್ಪು ಆರ್ಡರ್ ಮಾಡಿದ್ರೆ ಹೊಟ್ಟೆ ಉರಿಯತ್ತೆ.

ನನ್ನ ಲೆಕ್ಕ ಮೊದ್ಲೇ ಹೇಳ್ಬಿಡ್ತೀನಿ. ದುಡ್ಡು ಮೊದ್ಲು ಕಾಗದಕ್ಕೆ, ಆಮೇಲೆ ಒಂದೇ ಒಂದು ಒಳ್ಳೇ ಚಾಕುಗೆ, ಬಾರೆನ್ ಮಧ್ಯಮದ್ದು ಸಾಕು, ಮರದಲ್ಲಿ ಉಳಿಸಿ, ಬಣ್ಣಕ್ಕಂತೂ ಮನೇಲಿರೋ ವಾಟರ್‌ಕಲರ್ ಟ್ಯೂಬೇ ನಡೆಯತ್ತೆ. ಯಾಕೆ ಹಿಂಗೆ ಅಂತ ಒಂದೊಂದಾಗಿ ನೋಡೋಣ.

ನೀರೋ, ಎಣ್ಣೆಯೋ

ಮೊಕು ಅಂದ್ರೆ ಮರ, ಹಂಗಾ ಅಂದ್ರೆ ಅಚ್ಚು ಹಾಕಿ ತೆಗೆದ ಚಿತ್ರ. ಮರದ ಹಲಗೆ ಕೆತ್ತಿ, ಎಣ್ಣೆ ಇಂಕ್ ಬದಲು ನೀರಲ್ಲಿ ಕಲಸಿದ ಬಣ್ಣ, ಜೊತೆಗೆ ಅಕ್ಕಿ ಗಂಜಿ ಥರದ ಅಂಟು, ರೋಲರ್ ಬದಲು ಬ್ರಷ್, ಪ್ರೆಸ್ ಬದಲು ಕೈಯಲ್ಲಿ ಹಿಡಿಯೋ ಬಾರೆನ್. ಹೊಕುಸಾಯಿ, ಹಿರೋಶಿಗೆ ಅನ್ನೋ ಕಲಾವಿದರ ಕಾಲದ ಉಕಿಯೊ-ಎ ಅನ್ನೋ ಜಪಾನಿ ಅಚ್ಚಿನ ಚಿತ್ರಗಳೆಲ್ಲಾ ಇದೇ ವಿಧಾನದ್ದು. ನಮ್ಮ ಆರ್ಟ್ ಕಾಲೇಜುಗಳಲ್ಲಿ ವುಡ್‌ಕಟ್ ಅಂದ್ರೆ ಸಾಮಾನ್ಯವಾಗಿ ಎಣ್ಣೆ ಇಂಕು, ರೋಲರ್ರು, ಪ್ರೆಸ್ಸು, ಹಂಗಾಗಿ ಅಲ್ಲಿ ಕಲಿತೋರಿಗೆ ಇದು ಪೂರ್ತಿ ಬೇರೆ ಭಾಷೆ ಅನ್ಸತ್ತೆ.

ಮುಖ್ಯ ವ್ಯತ್ಯಾಸ ಏನಂದ್ರೆ ಎಣ್ಣೆ ಇಂಕು ಕಾಗದದ ಮೇಲೆ ಕೂರತ್ತೆ, ನೀರಿನ ಬಣ್ಣ ಕಾಗದದ ನಾರಿನ ಒಳಗೆ ಇಳಿಯತ್ತೆ. ಮೊಕುಹಂಗಾ ಪ್ರಿಂಟ್ ಒಂದನ್ನ ಕಿಟಕಿ ಹತ್ರ ಓರೆಯಾಗಿ ಹಿಡಿದು ನೋಡಿ, ಮೇಲೆ ಒಂದು ಪದರ ಅಂತ ಕಾಣೋದೇ ಇಲ್ಲ, ಕಾಗದಕ್ಕೇ ಆ ಬಣ್ಣ ಹುಟ್ಟಿದ್ದಿನಿಂದ ಇತ್ತೇನೋ ಅನ್ನೋ ಹಾಗಿರತ್ತೆ. ಒಂದರ ಮೇಲೊಂದು ಹತ್ತು ಸಲ ಅಚ್ಚು ಹಾಕಿದ್ರೂ ಕೆಳಗಿನ ಬಣ್ಣ ಇಣುಕ್ತಾ ಇರತ್ತೆ. ಇದು ಬೇಕು ಅನ್ಸಿದ್ರೆ ನೀರು. ದಪ್ಪ ಕಪ್ಪು, ಗಟ್ಟಿ ಕಾಂಟ್ರಾಸ್ಟ್, ಪೋಸ್ಟರ್ ಥರ ಹೊಡೆದು ನಿಲ್ಲಿಸೋ ಚಿತ್ರ ಬೇಕಂದ್ರೆ ಎಣ್ಣೆನೇ ಸರಿ, ಅದ್ರಲ್ಲಿ ಕೀಳು ಅಂತ ಏನಿಲ್ಲ.

ಅನುಕೂಲದ ಲೆಕ್ಕದಲ್ಲಿ ನೀರಿನದ್ದೇ ಮೇಲುಗೈ, ಟರ್ಪೆಂಟೈನ್ ವಾಸನೆ ಇಲ್ಲ, ಪ್ರೆಸ್ ಬೇಡ, ಊಟದ ಟೇಬಲ್ ಮೇಲೆ ಮಾಡ್ಬಹುದು, ಸಣ್ಣ ಮಕ್ಕಳಿರೋ ಮನೇಲೂ ನಡೆಯತ್ತೆ, ಕೈ ತೊಳೆಯೋಕೆ ಬರೀ ನೀರು. ಅಮೆರಿಕ ಯೂರೋಪಿನ ಎಷ್ಟೋ ಪ್ರಿಂಟ್‌ಮೇಕರ್‌ಗಳು ಇದಕ್ಕೆ ಬಂದಿರೋದಕ್ಕೆ ಈ ವಿಷ ಇಲ್ದಿರೋ ಗುಣನೂ ಒಂದು ಕಾರಣ. ಕಷ್ಟ ಏನಂದ್ರೆ ಬಣ್ಣ ಬೇಗ ಒಣಗತ್ತೆ, ಕಾಗದ ಒದ್ದೆ ಇರ್ಬೇಕು, ಗಾಳಿ ಒಣ ಇದ್ರೆ ಎರಡೂ ಕೈ ಕೊಡತ್ತೆ. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚಲ್ಲಿ ಫ್ಯಾನ್ ಹಾಕ್ಕೊಂಡು ಪ್ರಿಂಟ್ ಮಾಡೋಕೆ ಹೋಗಿ ಒಂದಿಡೀ ದಿನ ಹಾಳ್ಮಾಡ್ಕೊಂಡಿದೀನಿ, ಬ್ರಷ್ ಕೆಳಗಿಟ್ಟು ಕಾಗದ ಎತ್ತೋಷ್ಟರಲ್ಲಿ ಹಲಗೆ ಮೇಲಿನ ಬಣ್ಣ ಅರ್ಧ ಒಣಗಿರತ್ತೆ. ಮಳೆಗಾಲದಲ್ಲಿ ಇದೇ ಕೆಲಸ ಎಷ್ಟು ಸಲೀಸು ಅಂದ್ರೆ ಈಗ ನಾನು ವರ್ಷದ ಪ್ರಿಂಟಿಂಗ್ ಎಲ್ಲಾ ಜೂನ್‌ಗೆ ಇಟ್ಕೊಳ್ತೀನಿ, ಬೇಸಿಗೆಯಲ್ಲಿ ಬರೀ ಕೆತ್ತನೆ.

ಒಬ್ರೇ ಮಾಡೋದಾ, ಹಂಚ್ಕೊಂಡು ಮಾಡೋದಾ

ಈ ಆಯ್ಕೆ ಬಗ್ಗೆ ಯಾರೂ ಮೊದ್ಲೇ ಹೇಳಲ್ಲ, ಆದ್ರೆ ಮುಂದೆ ಏನೇನು ಕೊಂಡ್ಕೊಳ್ಬೇಕು ಅನ್ನೋದು ಇದರ ಮೇಲೇ ನಿಂತಿದೆ. ಎಡೋ ಕಾಲದಲ್ಲಿ, ಅಂದ್ರೆ 1868ಕ್ಕೆ ಮುಂಚಿನ ಜಪಾನಲ್ಲಿ, ಒಂದು ಚಿತ್ರಕ್ಕೆ ನಾಲ್ಕು ಜನ ಬೇಕಿತ್ತು: ಬರೆಯೋನು, ಕೆತ್ತೋನು, ಅಚ್ಚು ಹಾಕೋನು, ದುಡ್ಡು ಹಾಕಿ ಮಾರೋ ಪಬ್ಲಿಷರ್. 1765ರ ಸುಮಾರಿಗೆ ಸುಜುಕಿ ಹರುನೊಬು ಕಾಲದಲ್ಲಿ ಪೂರ್ತಿ ಬಣ್ಣದ ಅಚ್ಚು ಬಂದಾಗಲೂ ಇದೇ ಪದ್ಧತಿ. 1904ರಲ್ಲಿ ಯಮಾಮೊಟೊ ಕನಾಯೆ ಅನ್ನೋರು ಒಬ್ಬ ಮೀನುಗಾರನ ಚಿತ್ರವನ್ನ ತಾವೇ ಬರೆದು ತಾವೇ ಕೆತ್ತಿ ತಾವೇ ಅಚ್ಚು ಹಾಕಿದ್ರು, ಅಲ್ಲಿಂದ ಸೋಸಾಕು ಹಂಗಾ ಅನ್ನೋ ಚಳುವಳಿನೇ ಬೆಳೀತು. ಇನ್ನೊಂದು ಕಡೆ ವತನಬೆ ಶೋಜಬುರೊ ಅನ್ನೋ ಪಬ್ಲಿಷರ್ರು ಹಳೇ ತಂಡದ ಪದ್ಧತಿಯನ್ನೇ ಇಟ್ಕೊಂಡು ಹೊಸ ಥರದ ಚಿತ್ರ ಮಾಡಿಸಿದ್ರು, ಅದು ಶಿನ್ ಹಂಗಾ. ಯೊಶಿದಾ ಹಿರೋಶಿ ಎರಡರ ನಡುವೆ ನಿಂತೋರು, ಕೆತ್ತೋಕೆ ಅಚ್ಚು ಹಾಕೋಕೆ ಜನ ಇದ್ರೂ ಮೈಮೇಲೆ ಬಿದ್ದು ಪ್ರತಿ ಹಂತನೂ ನೋಡ್ಕೊಳ್ತಿದ್ರು. ಅವರು ಭಾರತಕ್ಕೂ ಬಂದಿದ್ರು, 1931ರ ಹೊತ್ತಿಗೆ ಮಾಡಿದ ತಾಜ್ ಮಹಲ್ ಚಿತ್ರಗಳನ್ನ ನೋಡಿ, ಅದೇ ಕಟ್ಟಡ ಬೆಳಗಿನ ಮಂಜಲ್ಲಿ ಒಂಥರಾ, ರಾತ್ರೀಲಿ ಇನ್ನೊಂಥರಾ. ನನಗೆ ಮೊಕುಹಂಗಾ ಹುಚ್ಚು ಹಿಡಿಸಿದ್ದೇ ಆ ಮಂಜಿನ ಬೂದು ಬಣ್ಣ.

ಇವತ್ತೂ ಎರಡೂ ದಾರಿ ಜೀವಂತ ಇವೆ. ಟೋಕಿಯೋದ ಅದಾಚಿ ಸಂಸ್ಥೇಲಿ ಕುಸಾಮಾ ಯಾಯೋಯಿ ಅವರ ಫ್ಯೂಜಿ ಪರ್ವತದ ಚಿತ್ರಗಳನ್ನ ಕಸುಬುದಾರರು ಮರಕ್ಕೆ ಇಳಿಸಿದಾರೆ. ಅಮೆರಿಕದಲ್ಲಿ ಚಕ್ ಕ್ಲೋಸ್ ಅವರ 2002ರ ಎಮ್ಮಾ ಅನ್ನೋ ಮಗುವಿನ ಮುಖ 113 ಬಣ್ಣದ್ದು, ಮಾಡಿದ್ದು ಯಾಸು ಶಿಬಾತಾ. ಹೆಲೆನ್ ಫ್ರಾಂಕೆಂಥೇಲರ್ ಅವರ 2000ದ ದೊಡ್ಡ ಪ್ರಿಂಟ್ ಒಂದು 46 ಹಲಗೆ, 102 ಬಣ್ಣ, ಅದ್ರಲ್ಲೂ ಶಿಬಾತಾ ಅವರದ್ದೇ ಕೈ. ಇಂಥ ಕೆಲಸ ಒಬ್ರ ಕೈಲಿ ಆಗೋದಲ್ಲ. ಆದ್ರೆ ಪ್ರಪಂಚದಲ್ಲಿ ಇವತ್ತು ಮೊಕುಹಂಗಾ ಮಾಡೋ ಹೆಚ್ಚಿನೋರು ಯಮಾಮೊಟೊ ದಾರೀಲಿರೋರು, ಮನೆಯ ಒಂದು ಮೂಲೇಲಿ ಒಬ್ರೇ ಕೂತು ಎಲ್ಲಾ ಮಾಡೋರು. ನಾನು ಬರೀತಿರೋದೂ ಅಂಥೋರಿಗೇ. ಒಬ್ರೇ ಮಾಡೋದಾದ್ರೆ ಕೂದಲೆಳೆ ಗೆರೆ ಕೆತ್ತೋ ಹಠ ಬೇಡ, ಆ ಕೈ ಬರೋಕೆ ಕಸುಬುದಾರರೇ ಹತ್ತು ವರ್ಷ ತಗೊಳ್ತಾರೆ, ಬಣ್ಣದ ಪದರಗಳನ್ನೇ ನಂಬ್ಕೊಳ್ಳಿ. ಈಗಿನ ಎಷ್ಟೋ ಕಲಾವಿದರು ಕಪ್ಪು ಗೆರೆ ಹಲಗೆನೇ ಬಿಟ್ಬಿಟ್ಟಿದಾರೆ.

ಮರ

ಹಳೇ ಕಸುಬಲ್ಲಿ ಕಾಡು ಚೆರ್ರಿ ಮರ, ಯಮಾಜಕುರಾ. ಗಟ್ಟಿ, ಒತ್ತಾದ ಸಣ್ಣ ನಾರು, ತೆಳ್ಳಗಿನ ಗೆರೆ ನಿಲ್ಲತ್ತೆ, ಸಾವಿರಾರು ಅಚ್ಚು ತಡೆಯತ್ತೆ, ಸವೆದ್ರೆ ಹತ್ತರಿ ಹೊಡೆದು ಮತ್ತೆ ಬಳಸ್ಬಹುದು. ಬೆಲೆನೂ ಹಂಗೇ, ಈಗ ದೊಡ್ಡ ಹಲಗೆ ಸಿಗೋದೂ ಕಷ್ಟ. ಶುರು ಮಾಡೋರಿಗೆ ಖಂಡಿತ ಬೇಡ.

ಇವತ್ತಿನ ಮೊಕುಹಂಗಾ ನಡೀತಿರೋದು ಶಿನಾ ಪ್ಲೈವುಡ್ ಮೇಲೆ. ಶಿನಾ ಅಂದ್ರೆ ಜಪಾನಿನ ಲಿಂಡೆನ್ ಮರ, ಮೃದು, ಮರದ ಸ್ವಂತ ಗೆರೆ ಅಷ್ಟಾಗಿ ಎದ್ದು ಕಾಣಲ್ಲ, ಎರಡೂ ಕಡೆ ಕೆತ್ತಬಹುದು ಅಂದ್ರೆ ಒಂದು ಹಲಗೇಲಿ ಎರಡು ಬಣ್ಣ. ತೊಂದರೆ ಏನಂದ್ರೆ ಪದರಗಳ ನಡುವಿನ ಅಂಟಿಗೆ ಚಾಕು ತಾಗಿದ್ರೆ ಮೊಂಡಾಗತ್ತೆ, ಸಣ್ಣ ಗೆರೆಗಳ ತುದಿ ಒಂದೊಂದ್ಸಲ ಪುಡಿ ಆಗತ್ತೆ. ಇವೆರಡರ ನಡುವೆ ಹೋ ಅಂತ ಮ್ಯಾಗ್ನೋಲಿಯಾ ಜಾತಿ ಮರ, ಕತ್ಸುರಾ ಮರ ಇವೆ, ಕೆತ್ತೋಕೆ ಬೆಣ್ಣೆ ಥರ, ಕೈ ಕುದುರಿದ ಮೇಲೆ ನೋಡಿ.

ಇಲ್ಲೇ ಸಿಗೋದ್ರಲ್ಲಿ ಏನಾಗತ್ತೆ ಅಂತ ಕೇಳ್ತಾರೆ. ಹಾರ್ಡ್‌ವೇರ್ ಅಂಗಡಿ ಕಮರ್ಷಿಯಲ್ ಪ್ಲೈವುಡ್ ನಾನು ಟ್ರೈ ಮಾಡಿದೀನಿ, ಮೇಲಿನ ಪದರ ಕಾಗದದಷ್ಟು ತೆಳು, ಚಾಕು ಇಟ್ಟ ಕೂಡ್ಲೇ ಸಿಬಿರು ಏಳತ್ತೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮೇಲೆ ಎಣ್ಣೆ ಇಂಕ್ ಚೆನ್ನಾಗಿರತ್ತೆ ಆದ್ರೆ ನೀರು ಕುಡಿದು ಉಬ್ಬತ್ತೆ, ನನ್ನ ಒಂದು ಹಲಗೆ ಆರನೇ ಅಚ್ಚಿಗೆ ಅಂಚೆಲ್ಲಾ ಊದ್ಕೊಂಡು ಬಣ್ಣಗಳು ಒಂದಕ್ಕೊಂದು ಕೂಡ್ಲೇ ಇಲ್ಲ. ಬರೀ ಮರದ ಗೆರೆ ವಿನ್ಯಾಸನೇ ಚಿತ್ರದಲ್ಲಿ ಬರ್ಲಿ ಅಂತಿದ್ರೆ ಪೈನ್ ಹಲಗೆ ತಗೊಂಡು ವೈರ್ ಬ್ರಷ್ಷಲ್ಲಿ ಉಜ್ಜಿ, ಮೃದು ಭಾಗ ಸವೆದು ಗಟ್ಟಿ ಗೆರೆಗಳು ಎದ್ದು ನಿಲ್ತಾವೆ, ಆಕಾಶಕ್ಕೆ ನೀರಿಗೆ ಬಹಳ ಚೆನ್ನಾಗಿ ಕಾಣತ್ತೆ. ಉಳಿದಿದ್ದಕ್ಕೆ ಶಿನಾ, ಪೋಸ್ಟ್‌ಕಾರ್ಡ್‌ಗಿಂತ ಸ್ವಲ್ಪ ದೊಡ್ಡ ಸೈಜು ನಾಲ್ಕು ತರಿಸಿದ್ರೆ ಎಂಟು ಮುಖ ಆಯ್ತು.

ಹಲಗೆ ತಗೊಳ್ಳುವಾಗ ಚಿತ್ರದ ಸೈಜಿಗೆ ಸರಿಯಾಗಿ ತಗೋಬೇಡಿ. ಕೆಂತೊ ಅಂತ ಎರಡು ಗುರುತು ಹಲಗೇಲೇ ಕೆತ್ಬೇಕಾಗತ್ತೆ, ಮೂಲೇಲಿ ಒಂದು ಎಲ್ ಆಕಾರದ್ದು, ಉದ್ದ ಅಂಚಲ್ಲಿ ಒಂದು ನೇರ ಗೆರೆ. ಕಾಗದದ ಮೂಲೆ ಒಂದ್ರಲ್ಲಿ, ಅಂಚು ಇನ್ನೊಂದ್ರಲ್ಲಿ ಕೂರಿಸಿದ್ರೆ ಪ್ರತಿ ಬಣ್ಣನೂ ಅದೇ ಜಾಗಕ್ಕೆ ಬೀಳತ್ತೆ. ಇನ್ನೂರೈವತ್ತು ವರ್ಷ ಮೇಲಾಯ್ತು, ಇವತ್ತಿಗೂ ಇದನ್ನ ಮೀರಿಸೋದು ಇನ್ನೊಂದು ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಕಾಗದ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ

ಒದ್ದೆ ಕಾಗದನ ಹಲಗೆ ಮೇಲಿಟ್ಟು ಬಾರೆನ್ನಲ್ಲಿ ಜೋರಾಗಿ ಉಜ್ಜೋದು, ಎತ್ತೋದು, ಇನ್ನೊಂದು ಹಲಗೆ ಮೇಲಿಡೋದು, ಮತ್ತೆ ಉಜ್ಜೋದು, ಹಿಂಗೆ ಹತ್ತು ಇಪ್ಪತ್ತು ಸಲ. ಮಾಮೂಲಿ ಡ್ರಾಯಿಂಗ್ ಶೀಟಿಗೆ ಇದನ್ನ ಮಾಡಿದ್ರೆ ಮೂರನೇ ಸಲಕ್ಕೆ ಮೇಲ್ಮೈ ಸುಲಿದು ಉಂಡೆ ಉಂಡೆ ಆಗಿ ಬರತ್ತೆ. ವಾಶಿ, ಅಂದ್ರೆ ಜಪಾನಿ ಕಾಗದ, ಯಾಕೆ ತಡೆಯತ್ತೆ ಅಂದ್ರೆ ಅದರಲ್ಲಿರೋ ಕೋಜೊ ನಾರು, ಅದೂ ಒಂದು ಜಾತಿ ಹಿಪ್ಪುನೇರಳೆ ಗಿಡದ ತೊಗಟೆ, ನಾರು ಸರಾಸರಿ ಒಂದು ಸೆಂಟಿಮೀಟರ್ ಉದ್ದ, ಮರದ ಪಲ್ಪಿನ ನಾರು ಅದಕ್ಕೆ ಹೋಲಿಸಿದ್ರೆ ಎರಡು ಮೂರು ಮಿಲಿಮೀಟರ್ ಅಷ್ಟೇ. ಉದ್ದ ನಾರು ಒಂದಕ್ಕೊಂದು ಹೆಣ್ಕೊಂಡಿರತ್ತೆ, ಒದ್ದೆ ಆದ್ರೂ ಬಿಟ್ಕೊಡಲ್ಲ.

ಆಯ್ಕೆ ಮಾಡೋವಾಗ ಎಲ್ಲರೂ ಎಡವೋದು ಹೋಶೊ ಅನ್ನೋ ಹೆಸರಲ್ಲಿ. ಕಿಜುಕಿ ಹೋಶೊ ಅಂದ್ರೆ ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿ ಇವಾನೊ ಇಚಿಬೆಯ್ ಮನೆತನ ಕೈಯಲ್ಲಿ ಮಾಡೋ ಶುದ್ಧ ಕೋಜೊ ಕಾಗದ. ಆ ಹೆಸರಿನ ಎಂಟನೇ ಮತ್ತೆ ಒಂಬತ್ತನೇ ತಲೆಮಾರಿನೋರು ಇಬ್ರೂ ಜಪಾನ್ ಸರ್ಕಾರದಿಂದ ಜೀವಂತ ರಾಷ್ಟ್ರೀಯ ನಿಧಿ ಅನ್ನೋ ಮನ್ನಣೆ ಪಡೆದೋರು. ಅದೇ ಹೋಶೊ ಅನ್ನೋ ಹೆಸರಲ್ಲಿ ಆರ್ಟ್ ಅಂಗಡಿಗಳಲ್ಲಿ ಪ್ಯಾಡ್ ಕಟ್ಟಿ ಮಾರೋದು ಬಹಳಷ್ಟು ಸಲ ಮಷೀನಲ್ಲಿ ಮಾಡಿದ ಪಲ್ಪ್ ಕಾಗದ. ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗತ್ತೆ, ಅಸಲಿ ಹೋಶೊ ದಪ್ಪ ಇದ್ದೂ ಹತ್ತಿ ಬಟ್ಟೆ ಥರ ಮೆತ್ತಗೆ, ಹರಿಯೋಕೆ ಹೋದ್ರೆ ಅಂಚಲ್ಲಿ ರೋಮ ರೋಮ ನಾರು ಎಳ್ಕೊಂಡು ಬರತ್ತೆ, ಪಲ್ಪ್ ಕಾಗದ ಚರ್ ಅಂತ ನೇರ ಹರಿಯತ್ತೆ. ಪಲ್ಪ್ ಹೋಶೊ ಕೆಟ್ಟದ್ದಲ್ಲ, ಪ್ರೂಫ್ ತೆಗೆಯೋಕೆ, ಐದಾರು ಬಣ್ಣಕ್ಕೆ ಸಾಕು, ಆದ್ರೆ ಅದನ್ನೇ ಅಸಲಿ ಅಂದ್ಕೊಂಡು ಮೊಕುಹಂಗಾ ನನಗೆ ಒಗ್ಗಲ್ಲ ಅಂತ ತೀರ್ಮಾನ ಮಾಡ್ಬೇಡಿ. ನಾನು ಆರು ತಿಂಗಳು ಅದೇ ತಪ್ಪಲ್ಲಿದ್ದೆ, ಬಣ್ಣ ಮಂಕು ಮಂಕು, ನನ್ನ ಕೈದೇ ದೋಷ ಅಂತ ಉಜ್ಜೀ ಉಜ್ಜೀ ಭುಜ ನೋವು ಬರಿಸ್ಕೊಂಡೆ. ಯಾರೋ ಕೊಟ್ಟ ಒಂದು ಹಾಳೆ ಕೋಜೊ ಮೇಲೆ ಅದೇ ಹಲಗೆ ಅದೇ ಬಣ್ಣ ಒತ್ತಿದಾಗ ಕಾಗದ ಎತ್ತಿ ನೋಡಿ ಸುಮ್ನೆ ನಿಂತ್ಬಿಟ್ಟೆ.

ನಡುವಿನ ದರ್ಜೆಯಲ್ಲಿ ಒಳ್ಳೇ ಆಯ್ಕೆಗಳಿವೆ. ಶಿಕೊಕು ದ್ವೀಪದ ತೊಕುಶಿಮಾದಲ್ಲಿ ಅವಾಗಾಮಿ ಕಾರ್ಖಾನೆ ಪ್ರಿಂಟ್‌ಮೇಕರ್‌ಗಳಿಗೇ ಅಂತ ಬಗೆ ಬಗೆ ವಾಶಿ ಮಾಡತ್ತೆ, ಹೊರದೇಶಕ್ಕೂ ಕಳಿಸತ್ತೆ. ಕೋಜೊ ಜೊತೆ ಸ್ವಲ್ಪ ಪಲ್ಪ್ ಸೇರಿಸಿದ ಕಾಗದಗಳು ಬೆಲೆ ಇಳಿಸಿ ಗುಣ ಮುಕ್ಕಾಲು ಪಾಲು ಉಳಿಸ್ಕೊಂಡಿರತ್ವೆ, ಹೊಸಬರಿಗೆ ನನ್ನ ಓಟು ಇದಕ್ಕೇ. ಇಬಾರಾಕಿಯ ನಿಶಿನೊಉಚಿ ಇನ್ನೊಂದು, ಗಟ್ಟಿ ಕೋಜೊ, ಸ್ವಲ್ಪ ಒರಟು, ಹಳದಿ ಛಾಯೆ, ಮಣ್ಣಿನ ಬಣ್ಣಗಳಿಗೆ ಹೊಂದತ್ತೆ. ಗಂಪಿ ಕಾಗದ ತೆಳು, ರೇಷ್ಮೆ ಹೊಳಪು, ನೋಡೋಕೆ ಆಸೆ ಆಗತ್ತೆ ಆದ್ರೆ ಒದ್ದೆ ಆದ್ರೆ ಸುಕ್ಕು, ಮೊದಲ ವರ್ಷ ಅದ್ರ ಸಹವಾಸ ಬೇಡ.

ನಮ್ಮಲ್ಲೂ ಕೈಕಾಗದ ಇದ್ಯಲ್ಲ ಅಂತ ಕೇಳ್ಬಹುದು. ಇದೆ, ಹುಬ್ಬಳ್ಳಿ ಹತ್ರದ ತಾರಿಹಾಳದಲ್ಲಿ ಮಾಡೋ ಹತ್ತಿ ಬಟ್ಟೆ ಚೂರಿನ ಕಾಗದ ಹೊರದೇಶದ ಆರ್ಟ್ ಅಂಗಡಿಗಳಲ್ಲೂ ಸಿಗತ್ತೆ, ವಾಟರ್‌ಕಲರ್ ಮಾಡೋರಿಗೆ ಚೆನ್ನಾಗಿ ಗೊತ್ತು. ಹತ್ತಿ ಕಾಗದದ ಮೈ ದಪ್ಪ, ಉಬ್ಬು ತಗ್ಗು ಇರತ್ತೆ, ಹಂಗಾಗಿ ಬಾರೆನ್ ಒತ್ತಡ ಜಾಸ್ತಿ ಬೇಕು, ಸಮತಟ್ಟಾದ ದೊಡ್ಡ ಬಣ್ಣದ ಜಾಗ ಕಷ್ಟ. ಆದ್ರೆ ಬಣ್ಣ ಹಾಕ್ದೆ ಬರೀ ಒತ್ತಿ ಉಬ್ಬು ಮೂಡಿಸೋ ಕರಾಜುರಿ ಇದ್ಯಲ್ಲ, ಅದಕ್ಕೆ ಈ ದಪ್ಪ ಕಾಗದ ಎಷ್ಟು ಚೆಂದ ಬರತ್ತೆ ಅಂತ ಮಾಡಿ ನೋಡಿ.

ಕೊಳ್ಳೋವಾಗ ಸೈಜಿಂಗ್ ಆಗಿದ್ಯಾ ಅಂತ ಕೇಳ್ಲೇಬೇಕು. ಜಪಾನಲ್ಲಿ ದೋಸಾ ಅಂತಾರೆ, ಪ್ರಾಣಿ ಮೂಳೆ ಚರ್ಮದ ಅಂಟು ಮತ್ತೆ ಪಟಿಕ ಬೆರೆಸಿದ ತೆಳು ನೀರು, ಅಗಲ ಬ್ರಷ್ಷಲ್ಲಿ ಬಳಿದು ನೇತುಹಾಕಿ ಒಣಗಿಸ್ತಾರೆ. ಇದಿಲ್ಲದ ಕಾಗದದಲ್ಲಿ ಬಣ್ಣ ಹಿಂದಕ್ಕೆ ಸೋರತ್ತೆ, ಅಂಚು ಹರಡತ್ತೆ. ಬೇಕಂತಲೇ ಹಂಗೆ ಹರಡಲಿ ಅಂತ ಬಿಡೋ ಕಲಾವಿದರೂ ಇದಾರೆ, ಆದ್ರೆ ಮೊದ್ಲು ಸೈಜಿಂಗ್ ಆಗಿರೋದೇ ತಗೊಳ್ಳಿ.

ಒದ್ದೆ ಮಾಡೋದು ಹೆಂಗೆ ಅಂದ್ರೆ, ಹಿಂದಿನ ರಾತ್ರಿ ನ್ಯೂಸ್‌ಪ್ರಿಂಟ್ ಹಾಳೆಗಳಿಗೆ ಅಗಲ ಬ್ರಷ್ಷಲ್ಲಿ ನೀರು ಬಳಿದು, ಎರಡೆರಡು ವಾಶಿ ಹಾಳೆ ನಡುವೆ ಒಂದೊಂದು ಇಟ್ಟು, ಎಲ್ಲಾ ಪ್ಲಾಸ್ಟಿಕ್ಕಲ್ಲಿ ಸುತ್ತಿ ಮೇಲೊಂದು ಹಲಗೆ ಹೇರಿ ಇಡೋದು. ಬೆಳಿಗ್ಗೆ ಒಂದು ಹಾಳೆ ತೆಗೆದು ಕೆನ್ನೆಗೆ ಮುಟ್ಟಿಸ್ಬೇಕು, ತಣ್ಣಗನ್ನಿಸ್ಬೇಕು, ನೀರು ಹತ್ತಬಾರದು. ಹೊಳೀತಿದ್ರೆ ಜಾಸ್ತಿ ಒದ್ದೆ, ಒಣ ನ್ಯೂಸ್‌ಪ್ರಿಂಟ್ ನಡುವೆ ಅರ್ಧ ಗಂಟೆ ಇಡಿ. ಎರಡು ಮೂರು ದಿನಕ್ಕಿಂತ ಹೆಚ್ಚು ಹಂಗೇ ಬಿಟ್ರೆ ಬೂಷ್ಟು ಬರತ್ತೆ, ಮಂಗಳೂರು ಕಡೆಯೋರಿಗಂತೂ ಹೇಳೋದೇ ಬೇಡ, ಕೆಲಸ ಅರ್ಧಕ್ಕೆ ನಿಂತ್ರೆ ಪ್ಯಾಕೆಟ್ ಸಮೇತ ಫ್ರೀಜರ್‌ಗೆ ಹಾಕಿ.

ಬಾರೆನ್

ಬಾರೆನ್ ಅಂದ್ರೆ ಅಂಗೈಯಗಲದ ತಟ್ಟೆ, ಕಾಗದದ ಬೆನ್ನು ಉಜ್ಜೋಕೆ. ಹೊನ್ ಬಾರೆನ್ ಅಂದ್ರೆ ಅಸಲಿದು, ಅದನ್ನ ಬಿಚ್ಚಿದ್ರೆ ಮೂರು ಭಾಗ: ತೆಳು ವಾಶಿ ಪದರ ಪದರ ಅಂಟಿಸಿ ಮೆರುಗೆಣ್ಣೆ ಬಳಿದ ತಟ್ಟೆ, ಒಳಗೆ ಬಿದಿರಿನ ಪೊರೆ ಸೀಳಿ ಹೊಸೆದ ಹಗ್ಗದ ಸುರುಳಿ, ಮೇಲೆ ಹೊದಿಕೆಯಾಗಿ ಇನ್ನೊಂದು ಬಿದಿರಿನ ಪೊರೆ, ಅದರ ತುದಿಗಳನ್ನೇ ತಿರುಚಿ ಹಿಡಿ ಮಾಡಿರ್ತಾರೆ. ಹಗ್ಗದ ಗಂಟು ಗಂಟುಗಳೇ ಒತ್ತಡದ ಚುಕ್ಕಿಗಳು, ನಾಲ್ಕೆಳೆ ಹಗ್ಗ ಸಣ್ಣ ಕೆಲಸಕ್ಕೆ, ಹದಿನಾರೆಳೆ ದೊಡ್ಡ ಬಣ್ಣದ ಜಾಗಕ್ಕೆ. ಗೊತೊ ಹಿದೆಹಿಕೊ ಅಂಥ ಬೆರಳೆಣಿಕೆ ಜನ ಮಾಡ್ತಾರೆ, ಬೆಲೆ ಯೆನ್ ಲೆಕ್ಕದಲ್ಲಿ ಲಕ್ಷದ ಆಸುಪಾಸು. ಆಸೆ ಪಡೋಣ, ಆದ್ರೆ ಮೊದಲ ಐವತ್ತು ಪ್ರಿಂಟ್‌ಗೆ ಅದು ಬೇಕಿಲ್ಲ.

ಇನ್ನೊಂದು ತುದೀಲಿ ಸ್ಕೂಲ್ ಮಕ್ಕಳ ಬಾರೆನ್ ಇದೆ, ಒಳಗೆ ರಟ್ಟು ಅಥವಾ ಪ್ಲಾಸ್ಟಿಕ್, ಸಣ್ಣ ಗೆರೆಗೆ ಸಾಕು, ದೊಡ್ಡ ಜಾಗಕ್ಕೆ ಬಲ ಸಾಲಲ್ಲ, ಬಣ್ಣ ಚುಕ್ಕಿ ಚುಕ್ಕಿ ಬೀಳತ್ತೆ. ಆ ಚುಕ್ಕಿಗೂ ಜಪಾನಿಯರು ಗೋಮಾಜುರಿ ಅಂತ ಹೆಸರಿಟ್ಟಿದಾರೆ, ಗೋಮಾ ಅಂದ್ರೆ ಎಳ್ಳು, ಬೇಕಂತ ಮಾಡಿದ್ರೆ ಸೊಗಸು, ತಾನಾಗೇ ಬಂದ್ರೆ ತಲೆನೋವು. ನಡುವೆ ಇರೋದು ಮುರಸಾಕಿ ಬಾರೆನ್ನು, ಒಳಗೆ ಸುರುಳಿ ಹಗ್ಗ ಇದೆ, ಬಿದಿರಿನ ಪೊರೆ ಹರಿದ್ರೆ ಬದಲಾಯಿಸ್ಬಹುದು. ಸ್ಟೀಲ್ ಗುಂಡುಗಳಿರೋ ಬಾಲ್ ಬೇರಿಂಗ್ ಬಾರೆನ್ ಕೂಡ ಇದೆ, ಭಾರ ಇರೋದ್ರಿಂದ ಭುಜಕ್ಕೆ ಆರಾಮ, ಪೊರೆ ಕಟ್ಟೋ ರಗಳೆ ಇಲ್ಲ, ವಯಸ್ಸಾದೋರಿಗೆ ಮಣಿಕಟ್ಟು ನೋವಿರೋರಿಗೆ ನಾನು ಅದನ್ನೇ ಹೇಳ್ತೀನಿ, ಆದ್ರೆ ಕೈಯ ಸೂಕ್ಷ್ಮ ಅದ್ರಲ್ಲಿ ಅಷ್ಟು ದಾಟಲ್ಲ. ಹಗ್ಗದ ಬಾರೆನ್‌ನಲ್ಲಿ ಕೆತ್ತಿದ ಅಂಚು ಎಲ್ಲಿ ಮುಗೀತು ಅಂತ ಬೆರಳಿಗೆ ಗೊತ್ತಾಗತ್ತೆ.

ಹಂಗಾಗಿ ಮುರಸಾಕಿ ತಗೊಂಡು ಪೊರೆ ಕಟ್ಟೋದು ಕಲೀರಿ. ಪೊರೆ ನೆನೆಸಿ, ನಾರಿನ ದಿಕ್ಕಿಗೆ ನೀವಿ, ಅಂಚು ಕತ್ತರಿಸಿ, ಬಿಗಿಯಾಗಿ ಎಳೆದು ತಿರುಚಿ ಕಟ್ಟೋದು, ಮೊದಲ ಎರಡು ಹರಿದೇ ಹೋಗತ್ತೆ, ಪೊರೆ ಅಗ್ಗ ಬಿಡಿ. ಉಜ್ಜೋವಾಗ ಮಧ್ಯೆ ಮಧ್ಯೆ ಕ್ಯಾಮೆಲಿಯಾ ಎಣ್ಣೆ ಹಚ್ಚಿದ ಬಟ್ಟೆಗೆ ಒಂದ್ಸಲ ಸವರ್ಕೊಂಡ್ರೆ ಸರಾಗ ಜಾರತ್ತೆ.

ಚಾಕು, ಬಣ್ಣ, ಬ್ರಷ್

ಚಾಕುವಿಗೆ ಹಂಗಿತೊ ಅನ್ನೋ ಗೆರೆ ಕೆತ್ತೋ ಚಾಕು ಒಂದು, ಎರಡು ಗುಂಡು ಉಳಿ, ಸಾಣೆ ಕಲ್ಲು. ಹನ್ನೆರಡರ ಸೆಟ್ ಅಂತ ಮಾರೋ ಅಗ್ಗದ್ದು ಬೇಡ, ಮೊಂಡ ಚಾಕು ಹನ್ನೆರಡಿದ್ರೂ ಒಂದೇ.

ಬಣ್ಣಕ್ಕೆ ಹಳೇ ಕಾಲದಲ್ಲಿ ಮಸಿ, ಕಾವಿ ಥರದ ಕೆಂಪು, ನೀಲಿ ಗಿಡದ ಬಣ್ಣ, ಕುಸುಬೆ ಹೂವಿನ ಕೆಂಪು. ಆಮೇಲೆ ಯೂರೋಪಿಂದ ಪ್ರಷ್ಯನ್ ಬ್ಲೂ ಬಂತು, 1831ರ ಸುಮಾರಿನ ಹೊಕುಸಾಯಿಯ ದೊಡ್ಡ ಅಲೆಯ ನೀಲಿ ಅದೇ. ಅಂದ್ರೆ ಹೊರಗಿನ ವಸ್ತು ಸೇರಿಸ್ಕೊಳ್ಳೋದು ಈ ಕಲೆಗೆ ಹೊಸದಲ್ಲ. ಈಗ ಮೂರು ದಾರಿ: ವಾಟರ್‌ಕಲರ್ ಟ್ಯೂಬ್, ಗ್ವಾಶ್ ಅನ್ನೋ ಪಾರದರ್ಶಕ ಅಲ್ಲದ ನೀರಿನ ಬಣ್ಣ, ಇಲ್ಲಾಂದ್ರೆ ಪಿಗ್ಮೆಂಟ್ ಪುಡಿ ನೀರಲ್ಲಿ ಅರೆದು ಇಟ್ಕೊಳ್ಳೋದು. ಟ್ಯೂಬ್ ಸುಲಭ, ಗ್ವಾಶ್ ಗಟ್ಟಿ ಮುಚ್ಚತ್ತೆ, ಪುಡಿ ತುಂಬಾ ಪ್ರಿಂಟ್ ತೆಗೆಯೋರಿಗೆ ಅಗ್ಗ ಮತ್ತೆ ಬಣ್ಣ ಆಳ. ಶುರುಗೆ ಟ್ಯೂಬ್. ನೋರಿ ಅನ್ನೋ ಅಂಟಿಗೆ ಅಕ್ಕಿ ಹಿಟ್ಟಿನ ತೆಳು ಗಂಜಿ ಕಾಯಿಸಿ ಬಟ್ಟೇಲಿ ಸೋಸಿದ್ರೆ ಆಯ್ತು, ಫ್ರಿಜ್ಜಲ್ಲಿ ನಾಲ್ಕು ದಿನ ಇರತ್ತೆ.

ಬ್ರಷ್ ಕುದುರೆ ಕೂದಲದ್ದು. ಜಪಾನಿ ಕಸುಬುದಾರರು ಹೊಸ ಬ್ರಷ್ಷಿನ ತುದಿಯನ್ನ ಕಾದ ಕಬ್ಬಿಣಕ್ಕೆ ಮುಟ್ಟಿಸಿ ಸುಟ್ಟು, ಶಾರ್ಕ್ ಚರ್ಮದ ಮೇಲೆ ಉಜ್ಜಿ ಉಜ್ಜಿ ಕೂದಲ ತುದಿ ಸೀಳಿಸಿ ಮೆತ್ತಗೆ ಮಾಡ್ತಾರೆ. ನಾವು ಕುದುರೆ ಕೂದಲಿನ ಶೂ ಪಾಲಿಶ್ ಬ್ರಷ್ ತಗೊಂಡ್ರೂ ಆಗತ್ತೆ, ಹೊರದೇಶದಲ್ಲೂ ಎಷ್ಟೋ ಜನ ಅದನ್ನೇ ಬಳಸ್ತಾರೆ. ಹಲಗೆ ಮೇಲೆ ಎರಡು ಚುಕ್ಕಿ ಬಣ್ಣ, ಒಂದು ಕಡಲೆಕಾಳಿನಷ್ಟು ನೋರಿ, ಮೊದ್ಲು ಗುಂಡಗುಂಡಗೆ ಉಜ್ಜಿ ಬೆರೆಸಿ, ಕೊನೇಗೆ ಮರದ ಗೆರೆ ದಿಕ್ಕಲ್ಲಿ ಹಗುರವಾಗಿ ಎಳೀಬೇಕು. ಹಲಗೆ ಫಳಫಳ ಹೊಳೀತಿದ್ರೆ ನೀರು ಜಾಸ್ತಿ, ವೆಲ್ವೆಟ್ ಥರ ಮಂಕಾಗಿ ಕಂಡ್ರೆ ಸರಿಯಾದ ಹದ, ಆ ಕ್ಷಣಕ್ಕೆ ಕಾಗದ ಇಡ್ಬೇಕು. ಬ್ರಷ್ಷಿನ ಒಂದು ಕಡೆಗೆ ಮಾತ್ರ ಬಣ್ಣ, ಇನ್ನೊಂದು ಕಡೆ ಬರೀ ನೀರು ಇಟ್ಟು ಎಳೆದ್ರೆ ಬೊಕಾಶಿ, ಹಿರೋಶಿಗೆಯ ಚಿತ್ರಗಳ ಆಕಾಶದಲ್ಲಿ ಮೇಲಿಂದ ಕೆಳಕ್ಕೆ ಕರಗೋ ನೀಲಿ ಇದೇ.

ಎಲ್ಲಿ ಕಲಿಯೋದು

ಜಪಾನಿಗೆ ಹೇಗೂ ಟೂರ್ ಹೋಗ್ತಿದೀರಾ ಅಂದ್ರೆ ಟೋಕಿಯೋದ ಅಸಾಕುಸಾದಲ್ಲಿ ಮೊಕುಹಂಕಾನ್ ಅಂತ ಅಂಗಡಿ ಇದೆ, ಡೇವಿಡ್ ಬುಲ್ ಅವರದ್ದು. ಕೆನಡಾದಿಂದ 1986ರಲ್ಲಿ ಜಪಾನಿಗೆ ಬಂದು ನಿಂತೋರು, ನೂರು ಕವಿಗಳ ಹಳೇ ಚಿತ್ರಗಳನ್ನ ಹತ್ತು ವರ್ಷ ಕೂತು ಒಬ್ರೇ ಮತ್ತೆ ಕೆತ್ತಿ ಅಚ್ಚು ಹಾಕಿದೋರು. ಅಲ್ಲಿ ಪ್ರವಾಸಿಗರಿಗೆ ಪ್ರಿಂಟ್ ಪಾರ್ಟಿ ಇರತ್ತೆ, ಕೆತ್ತಿಟ್ಟ ಹಲಗೆಗಳಿಂದ ನೀವೇ ಬಣ್ಣ ಹಾಕಿ ಒತ್ತೋದು. ಒಂದು ರೂಪಾಯಿ ಸಾಮಾನು ಕೊಳ್ಳೋ ಮೊದ್ಲು ಬಾರೆನ್ ಕೈಲಿ ಹಿಡಿದು ನೋಡೋಕೆ ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. ಅವರ ಕೆಲಸದ ವಿಡಿಯೋಗಳೂ ನೆಟ್ಟಲ್ಲಿ ಗಂಟೆಗಟ್ಟಲೆ ಇವೆ.

ಈಗಾಗ್ಲೇ ಪ್ರಿಂಟ್‌ಮೇಕಿಂಗ್ ಮಾಡ್ತಿರೋರು, ಸ್ವಂತ ಕೆಲಸ ಇರೋರು ರೆಸಿಡೆನ್ಸಿ, ಅಂದ್ರೆ ಕಲಾವಿದರು ಅಲ್ಲೇ ಉಳ್ಕೊಂಡು ಕಲಿಯೋ ಕಾರ್ಯಕ್ರಮ, ನೋಡಿ. ಕದೊತಾ ಕೇಯ್ಕೊ ಅವರು 1997ರಿಂದ ಅವಾಜಿ ದ್ವೀಪದ ನಾಗಸಾವಾದಲ್ಲಿ ಹೊರದೇಶದ ಕಲಾವಿದರನ್ನ ಕರೆಸಿ ಕಲಿಸೋ ಕಾರ್ಯಕ್ರಮ ನಡೆಸಿದ್ರು, ಆಮೇಲೆ ಫ್ಯೂಜಿ ಪರ್ವತದ ಹತ್ರ ಕವಾಗುಚಿ ಸರೋವರದ ಕಡೆ ಮಿ-ಲ್ಯಾಬ್ ಅನ್ನೋ ಇಂಥದ್ದೇ ಇನ್ನೊಂದು ಶುರು ಮಾಡಿದ್ರು. ಇವತ್ತು ಬೇರೆ ಬೇರೆ ದೇಶಗಳಲ್ಲಿ ಮೊಕುಹಂಗಾ ಹೇಳಿಕೊಡೋ ಎಷ್ಟೋ ಜನ ಈ ಎರಡು ಜಾಗದಲ್ಲೇ ಕಲಿತು ಹೋದೋರು. ಅಂತಾರಾಷ್ಟ್ರೀಯ ಮೊಕುಹಂಗಾ ಸಮ್ಮೇಳನನೂ ಇದೇ ಬಳಗದಿಂದ ಹುಟ್ಟಿದ್ದು, 2011ರಲ್ಲಿ ಕ್ಯೋಟೊ ಮತ್ತು ಅವಾಜಿ, 2014ರಲ್ಲಿ ಟೋಕಿಯೋ, 2017ರಲ್ಲಿ ಹವಾಯಿ, 2021ರಲ್ಲಿ ಮಸಿಗೆ ಹೆಸರಾದ ನಾರಾ, ಕೋವಿಡ್ ಕಾರಣಕ್ಕೆ ಹೆಚ್ಚಾಗಿ ಆನ್‌ಲೈನ್, 2024ರಲ್ಲಿ ಕಾಗದದ ಊರು ಎಚಿಜೆನ್. ಮಸಿ ಊರಿಂದ ಕಾಗದದ ಊರಿಗೆ ಹೋಗಿದ್ದು ನನಗೆ ತುಂಬಾ ಸರಿ ಅನ್ನಿಸ್ತು. ಸಮ್ಮೇಳನ ಹೊಸಬರಿಗೆ ಪಾಠ ಕಲಿಯೋ ಜಾಗ ಅಲ್ಲ, ಎರಡು ಮೂರು ವರ್ಷ ಕೈ ಆಡಿಸಿದ ಮೇಲೆ ಹೋದ್ರೆ ಪ್ರತಿ ಡೆಮೊನೂ ಅರ್ಥ ಆಗತ್ತೆ.

ಇಲ್ಲೇ ಕೂತು ಶುರು ಮಾಡೋರು ಮೊದಲ ಪ್ರಿಂಟ್ ಪೋಸ್ಟ್‌ಕಾರ್ಡ್ ಸೈಜಲ್ಲೇ ಮಾಡಿ, ಎರಡು ಬಣ್ಣ, ಒಂದು ಹಲಗೆಯ ಎರಡು ಮುಖ, ಗೆರೆ ಬೇಡ. ಹನ್ನೆರಡು ಹಾಳೆ ಕತ್ತರಿಸಿ ಒದ್ದೆ ಮಾಡಿ, ಮೊದಲ ನಾಲ್ಕು ಪಲ್ಪ್ ಕಾಗದ, ಉಳಿದ ಎಂಟು ಕೋಜೊ. ಹಲಗೆ ಒಣಗಿದ್ದಾಗ ಮೊದಲ ಎರಡು ಮೂರು ಅಚ್ಚು ಯಾವಾಗ್ಲೂ ತೆಳು ಬರತ್ತೆ, ಮರ ಬಣ್ಣ ಕುಡಿದು ತಣಿಯೋವರೆಗೂ ಒಳ್ಳೇ ಹಾಳೆ ಮುಟ್ಬೇಡಿ.